ಎಂಜಿನ್ ಕಟ್ಟಿದೆ, ಒತ್ತಕ್ಷರ ಕಳೆದುಕೊಂಡೆ

ಆಟ ತಯಾರಿಸುವ ತಂತ್ರಾಂಶವಾದ ಗೊಡೊ ಗೇಮ್ ಎಂಜಿನ್ನನ್ನು ಸೋರ್ಸ್ ಕೋಡ್‌ನಿಂದ ನಾನೇ ಕಟ್ಟುತ್ತಿದ್ದೇನೆ (ಕಂಪೈಲ್ ಮಾಡುತ್ತಿದ್ದೇನೆ) ಅಂದರೆ ಗೆಳೆಯರು ಕೇಳುವುದು ಒಂದೇ ಪ್ರಶ್ನೆ. ರೆಡಿ ಇರೋದನ್ನು ಡೌನ್‌ಲೋಡ್ ಮಾಡಿಕೊಳ್ಳದೆ ಸುಮ್ನೆ ಯಾಕೆ ಒದ್ದಾಡ್ತೀಯ? ಹೆಚ್ಚಿನವರಿಗೆ ಆ ಮಾತು ಸರಿ. ಆದರೆ ಕನ್ನಡದಲ್ಲಿ ಗೇಮ್ ಮಾಡುವವರು ಒಮ್ಮೆಯಾದರೂ ತಾವೇ ಕಟ್ಟಿ ನೋಡಬೇಕು.

ಮಕ್ಕಳಿಗಾಗಿ ಒಂದು ಪದದಾಟ ಮಾಡುತ್ತಿದ್ದೆ. ಬ್ರೌಸರ್‌ನಲ್ಲೇ ಆಡುವಂಥದ್ದು. ಸಿಗ್ನಲ್ ಕಡಿಮೆ ಇರುವ ಊರಲ್ಲೂ ಬೇಗ ತೆರೆಯಬೇಕು, ಹಾಗಾಗಿ ಫೈಲ್ ಚಿಕ್ಕದಾಗಬೇಕಿತ್ತು. ಗೊಡೊದಲ್ಲಿ ಆಡುವವರ ಕೈಗೆ ಹೋಗುವುದು ನಾವು ಕೆಲಸ ಮಾಡುವ ಎಡಿಟರ್ ಅಲ್ಲ, ಎಕ್ಸ್‌ಪೋರ್ಟ್ ಟೆಂಪ್ಲೇಟ್ ಎಂಬ ಬೇರೆ ಬೈನರಿ, ಅಂದರೆ ಆಟ ಓಡಿಸುವ ಸಿದ್ಧ ಪ್ರೋಗ್ರಾಂ. ಅದನ್ನು ನಾವೇ ಕಟ್ಟಿದರೆ ಬೇಡದ್ದನ್ನು ತೆಗೆದುಹಾಕಬಹುದು. 3ಡಿ ತೆಗೆದೆ. ಪರದೆಯ ಮೇಲೆ ಅಕ್ಷರ ಮೂಡಿಸುವ ಅಡ್ವಾನ್ಸ್ಡ್ ಟೆಕ್ಸ್ಟ್ ಸರ್ವರ್ ಎಂಬ ಭಾಗ ಬಿಟ್ಟು ಅದರ ಸರಳ ರೂಪವಾದ ಫಾಲ್‌ಬ್ಯಾಕ್ ಹಾಕಿದರೂ ಗಾತ್ರ ಇಳಿಯುತ್ತದೆ ಅಂತ ಕೈಪಿಡಿಯಲ್ಲಿತ್ತು. ಆಗ ಕಾಂಪ್ಲೆಕ್ಸ್ ಸ್ಕ್ರಿಪ್ಟ್‌ಗಳು ಸರಿಯಾಗಿ ಬರುವುದಿಲ್ಲ ಎಂಬ ಎಚ್ಚರಿಕೆಯೂ ಇತ್ತು. ಅದು ಅರೇಬಿಕ್‌ನಂಥ ಲಿಪಿಗಳ ಮಾತು ಅಂದುಕೊಂಡು ಮುಂದೆ ಹೋದೆ.

ಎಡಿಟರ್‌ನಲ್ಲಿ ಎಲ್ಲ ಚೆಂದ ಕಾಣುತ್ತಿತ್ತು. ಬ್ರೌಸರ್‌ನಲ್ಲಿ ತೆರೆದರೆ 'ಅಕ್ಕ' ಒಡೆದು ಕೂತಿತ್ತು. ಅ, ಕ, ಪಕ್ಕದಲ್ಲಿ ಒಂಟಿ ಹಲಂತದ ಗುರುತು, ಮತ್ತೆ ಕ. 'ಅಮ್ಮ', 'ಹಣ್ಣು' ಕೂಡ ಹಾಗೇ. ಓದಲು ಕಲಿಯುತ್ತಿರುವ ಮಗುವಿನ ಮುಂದೆ ಇದನ್ನು ಇಡೋದು ಹೇಗೆ?

ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಅಂದರೆ ನಾವೇ! ಯೂನಿಕೋಡ್‌ನಲ್ಲಿ 'ಕ್ಕ' ಒಂದು ಅಕ್ಷರವಲ್ಲ. ಕ, ಹಲಂತ, ಕ ಅಂತ ಮೂರು ಸಂಕೇತ. ಅವನ್ನು ಬೆಸೆದು ಸರಿಯಾದ ಒತ್ತು ಕೂರಿಸುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ನಾನು ತೆಗೆದುಹಾಕಿದ ಟೆಕ್ಸ್ಟ್ ಸರ್ವರ್ ಬಳಸುವುದು ಅದನ್ನೇ. ಗೊಡೊ ಸೋರ್ಸ್ ತೆರೆದದ್ದು 2014ರಲ್ಲಿ. ಈ ಬೆಸುಗೆ ಬಂದದ್ದು 2023ರ ಮಾರ್ಚ್‌ನಲ್ಲಿ, 4.0 ಜೊತೆಗೆ. ಒಂದು ಒತ್ತಕ್ಷರಕ್ಕೆ ಒಂಬತ್ತು ವರ್ಷ ಕಾಯಬೇಕಾಯಿತು, ಅಲ್ವಾ? ರೆಡಿ ಟೆಂಪ್ಲೇಟ್ ಬಳಸಿದ್ದರೆ ಅಕ್ಷರ ತಾನಾಗೇ ಮೂಡುತ್ತದೆ ಅಂತಲೇ ನಾನು ನಂಬಿಕೊಂಡಿರುತ್ತಿದ್ದೆ.

ಕಟ್ಟುವ ಕೆಲಸಕ್ಕೆ ಹೆದರಬೇಡಿ. ಪೈಥಾನ್, ಕಟ್ಟುವ ಕೆಲಸ ನಡೆಸುವ ಸ್ಕಾನ್ಸ್ ಎಂಬ ಸಾಧನ, ಒಂದು ಸಿ ಪ್ಲಸ್ ಪ್ಲಸ್ ಕಂಪೈಲರ್ ಇದ್ದರೆ ಶುರು ಮಾಡಬಹುದು. ವೆಬ್‌ಗಾದರೆ ಕೋಡನ್ನು ಬ್ರೌಸರ್‌ನಲ್ಲಿ ಓಡುವಂತೆ ಮಾಡುವ ಎಮ್‌ಸ್ಕ್ರಿಪ್ಟನ್ ಬೇಕು. ಉಳಿದ ಲೈಬ್ರರಿಗಳು ಬಹುಪಾಲು ಸೋರ್ಸ್ ಜೊತೆಗೇ ಬರುತ್ತವೆ. ಇನ್ನೂ ತಯಾರಾಗುತ್ತಿರುವ ಮಾಸ್ಟರ್ ಬ್ರಾಂಚ್ ಬೇಡ, ನಿಮ್ಮ ಎಡಿಟರ್ ಯಾವ ಆವೃತ್ತಿಯೋ ಅದೇ ಸ್ಟೇಬಲ್ ಟ್ಯಾಗ್ ತೆಗೆದುಕೊಳ್ಳಿ. ಇನ್ನೊಂದು ಮಾತು. ನಾವು ಏನೂ ಹೇಳದಿದ್ದರೆ ಸ್ಕಾನ್ಸ್ ಪ್ರೊಸೆಸರ್‌ನ ಹೆಚ್ಚುಕಮ್ಮಿ ಎಲ್ಲ ಕೋರ್‌ಗಳನ್ನೂ ಕೆಲಸಕ್ಕೆ ಹಚ್ಚುತ್ತದೆ. 8 ಜಿಬಿ ಮೆಮೊರಿಯ ನನ್ನ ಲ್ಯಾಪ್‌ಟಾಪ್ ಮೊದಲ ದಿನ ಅಲ್ಲಾಡದೆ ನಿಂತುಬಿಟ್ಟಿತು. ಒಟ್ಟಿಗೆ ಎರಡೇ ಕೆಲಸ ಸಾಕು ಅಂತ ಹೇಳಿದ ಮೇಲೆ ನಿಧಾನವಾಗಿಯಾದರೂ ಮುಗಿಸಿತು. ಮೊದಲ ಸಲ ಮಾತ್ರ ಇಷ್ಟು ಹೊತ್ತು. ಆಮೇಲೆ ಬದಲಾದ ಫೈಲ್‌ಗಳನ್ನಷ್ಟೇ ಮತ್ತೆ ಕಂಪೈಲ್ ಮಾಡುತ್ತದೆ.

ಟೆಕ್ಸ್ಟ್ ಸರ್ವರ್ ವಾಪಸ್ ಸೇರಿಸಿ ಕಟ್ಟಿದೆ. ಫೈಲ್ ಸ್ವಲ್ಪ ದಪ್ಪವಾಯಿತು. ಆಗಲಿ, 3ಡಿ ಇಲ್ಲದೆ ಆಟ ನಡೆಯುತ್ತದೆ, ಒತ್ತಿಲ್ಲದೆ ಕನ್ನಡ ನಡೆಯುವುದಿಲ್ಲ. ನಿಮ್ಮ ಆಟದಲ್ಲೂ ಅಕ್ಷರ ಒಡೆದಿದ್ದರೆ ಒಂದು ಸ್ಕ್ರೀನ್‌ಶಾಟ್ ಕಳಿಸಿ, ಒಟ್ಟಿಗೆ ಕೂತು ನೋಡೋಣ.