ನಾಲ್ಕನೇ ಪ್ರಶ್ನೆಯನ್ನು ಹಾಗೆಯೇ ಟೈಪ್ ಮಾಡಿದ ಹುಡುಗಿ

ಮೊದಲ ವರ್ಷದವರಿಗೆ ಮಾಹಿತಿ ಹುಡುಕುವುದನ್ನು ಕಲಿಸಬೇಕು ಎಂದರೆ ಸಹೋದ್ಯೋಗಿಗಳು ನಗುತ್ತಾರೆ. ‘ಕೈಯಲ್ಲಿ ಮೊಬೈಲ್ ಹಿಡಿದೇ ಬೆಳೆದವರಿಗೆ ನೀವೇನು ಕಲಿಸುತ್ತೀರಿ ಮೇಡಂ?’

ಮೊನ್ನೆ ಲ್ಯಾಬ್‌ನಲ್ಲಿ ಒಬ್ಬಳ ಹಿಂದೆ ನಿಂತು ನೋಡಿದೆ. ಅಸೈನ್‌ಮೆಂಟಿನ ಪ್ರಶ್ನೆಯನ್ನು ‘4’ ಎಂಬ ಕ್ರಮಸಂಖ್ಯೆಯ ಸಮೇತ, ‘ಉದಾಹರಣೆಗಳೊಂದಿಗೆ ವಿವರಿಸಿ’ ಎಂಬ ಬಾಲವನ್ನೂ ಬಿಡದೆ ಗೂಗಲ್‌ಗೆ ಒಪ್ಪಿಸಿದಳು. ಮೊದಲು ಬಂದ ಪುಟದಿಂದ ನಕಲು ಮಾಡಿಕೊಂಡಳು. ಬೈಯಲು ಮನಸ್ಸಾಗಲಿಲ್ಲ. ಇಷ್ಟು ವರ್ಷ ಉತ್ತರವಿರುವ ಪುಟಕ್ಕೆ ಗುರುತು ಹಾಕಿ ಕೊಟ್ಟವರು ನಾವೇ ಅಲ್ಲವೇ?

ಪಕ್ಕದ ಹುಡುಗ ಇನ್ನೊಂದು ಹೆಜ್ಜೆ ಮುಂದೆ. ‘ಹದಿಹರೆಯದಲ್ಲಿ ಮೊಬೈಲ್‌ನಿಂದ ನಿದ್ದೆ ಹಾಳಾಗುವುದೇಕೆ’ ಎಂದು ಕೇಳಿದ್ದ. ತೀರ್ಪು ಪ್ರಶ್ನೆಯಲ್ಲೇ ಇದೆ. ಹೌದಪ್ಪಾ ಎನ್ನುವ ಪುಟಗಳೇ ಸಾಲುಗಟ್ಟಿ ಬಂದವು. ‘ಹಾಳು’ ಅಳಿಸು ಎಂದೆ. ಮೊಬೈಲ್, ನಿದ್ದೆ, ಹದಿಹರೆಯ ಎಂಬ ಮೂರೇ ಪದ ಉಳಿದವು. ಈ ಸಲ ಸಿಕ್ಕ ಪುಟಗಳಲ್ಲಿ ಉತ್ತರ ಹುಡುಕಬೇಡಿ, ನಿಮಗೆ ಗೊತ್ತಿಲ್ಲದ ಪದಗಳನ್ನು ಬರೆದುಕೊಳ್ಳಿ ಎಂದು ಇಬ್ಬರಿಗೂ ಹೇಳಿದೆ. ಮೆಲಟೋನಿನ್, ನೀಲಿ ಬೆಳಕು, ಸರ್ಕೇಡಿಯನ್ ಲಯ. ಆ ಪದಗಳನ್ನು ಸಂಶೋಧನಾ ಲೇಖನಗಳನ್ನು ಹುಡುಕಿಕೊಡುವ ಗೂಗಲ್ ಸ್ಕಾಲರ್‌ಗೆ ಹಾಕಿದಾಗ ಬೇರೆಯೇ ಲೋಕ ತೆರೆಯಿತು. ಪರಿಣಾಮ ದೊಡ್ಡದೆನ್ನುವವರೂ ಅಲ್ಲಿದ್ದರು, ಅಷ್ಟೇನಿಲ್ಲ ಎನ್ನುವವರೂ ಇದ್ದರು. ಹುಡುಗನಿಗೆ ತುಸು ಸಿಟ್ಟೇ ಬಂತು: ‘ಹಾಗಾದರೆ ಏನು ಬರೆಯಲಿ?’ ಇಡೀ ಸೆಮಿಸ್ಟರಿನಲ್ಲಿ ನಾನು ಕೇಳಿದ ಅತ್ಯುತ್ತಮ ಪ್ರಶ್ನೆ ಅದು.

ಪದಗಳನ್ನು ಅದೇ ಕ್ರಮದಲ್ಲಿ ಹುಡುಕಿಸುವ ಉದ್ಧರಣ ಚಿಹ್ನೆ, ಬೇಡದ ಪದವನ್ನು ಹೊರಗಿಡುವ ಮೈನಸ್ ಗುರುತು ಮುಂತಾದ ಕೈಚಳಕಗಳಿಗೆ ಹತ್ತು ನಿಮಿಷ ಸಾಕು.

ಪುಟವನ್ನು ನಂಬುವುದು ಹೇಗೆ ಎಂಬುದರಲ್ಲಿ ಮಾತ್ರ ನಾನೇ ವರ್ಷಗಟ್ಟಲೆ ತಪ್ಪು ಪಾಠ ಮಾಡಿದ್ದೇನೆ. ಲೇಖಕರ ಹೆಸರಿದೆಯೇ, ವಿಳಾಸದ ಕೊನೆಯಲ್ಲಿ ಸಂಸ್ಥೆಗಳು ಬಳಸುವ ‘ಡಾಟ್ ಆರ್ಗ್’ ಇದೆಯೇ ಎಂಬ ಪಟ್ಟಿ ಹಂಚುತ್ತಿದ್ದೆ. 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಪ್ರಕಟಿಸಿದ ಅಧ್ಯಯನ ಓದಿದ ಮೇಲೆ ಅದನ್ನು ಹರಿದು ಹಾಕಿದೆ. ಪಿಎಚ್.ಡಿ. ಪಡೆದ 10 ಇತಿಹಾಸಕಾರರು, 25 ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು, ಸುದ್ದಿ-ಹೇಳಿಕೆಗಳ ನಿಜಾಂಶ ಪರಿಶೀಲಿಸುವ 10 ವೃತ್ತಿಪರ ಸತ್ಯಶೋಧಕರ (ಫ್ಯಾಕ್ಟ್ ಚೆಕರ್) ಮುಂದೆ ಅವೇ ಕೆಲವು ಜಾಲತಾಣಗಳನ್ನು ಇಟ್ಟಿದ್ದರು. ಒಪ್ಪವಾದ ಲಾಂಛನಕ್ಕೆ, ಗಂಭೀರ ಹೆಸರಿಗೆ ವಿದ್ಯಾರ್ಥಿಗಳಷ್ಟೇ ಅಲ್ಲ, ಇತಿಹಾಸಕಾರರೂ ಅನೇಕ ಸಲ ಮರುಳಾದರು. ಸತ್ಯಶೋಧಕರು ಮಾತ್ರ ಪುಟವನ್ನು ಪೂರ್ತಿ ಓದುವ ಗೋಜಿಗೇ ಹೋಗದೆ, ಹೊಸ ಟ್ಯಾಬ್ ತೆರೆದು ಈ ಸಂಸ್ಥೆಯ ಬಗ್ಗೆ ಬೇರೆಯವರು ಏನೆನ್ನುತ್ತಾರೆ ಎಂದು ನೋಡಿದರು. ಹೆಣ್ಣು-ಗಂಡು ನೋಡುವಾಗ ನೆರೆಮನೆಯಲ್ಲಿ ವಿಚಾರಿಸುವ ಬುದ್ಧಿ ನಮಗಿದೆ; ಜಾಲತಾಣದ ಮುಂದೆ ಅದೆಲ್ಲಿ ಹೋಗುತ್ತದೋ!

ಚಾಟ್‌ಬಾಟ್‌ಗಳ ಕಾಲದಲ್ಲಿ ಇದೆಲ್ಲ ಏಕೆ ಎನ್ನುವವರಿದ್ದಾರೆ. ಅಂಥದ್ದೊಂದು ಕೊಟ್ಟ ಆಧಾರವನ್ನು ವಿದ್ಯಾರ್ಥಿಯೊಬ್ಬ ನನ್ನ ಬಳಿ ತಂದಿದ್ದ. ಲೇಖಕರು, ಸಂಪುಟ, ಪುಟಸಂಖ್ಯೆ ಎಲ್ಲವೂ ಇದ್ದವು, ಲೇಖನವೊಂದೇ ಇರಲಿಲ್ಲ.

ಈಗ ಅಸೈನ್‌ಮೆಂಟಿನ ಅಂಕಗಳಲ್ಲಿ ಅರ್ಧದಷ್ಟು ಹುಡುಕಾಟದ ದಿನಚರಿಗೆ. ಏನು ಟೈಪ್ ಮಾಡಿದಿರಿ, ಏನು ಸಿಕ್ಕಿತು, ಏಕೆ ಬಿಟ್ಟಿರಿ, ಅಷ್ಟನ್ನೇ ಬರೆಯಬೇಕು. ಗೊಣಗುವವರು ಇದ್ದೇ ಇದ್ದಾರೆ. ನಾಲ್ಕನೇ ಪ್ರಶ್ನೆಯ ಹುಡುಗಿಯ ದಿನಚರಿ ನಿನ್ನೆ ಬಂತು. ಹನ್ನೊಂದು ಹುಡುಕಾಟಗಳು, ಅದರಲ್ಲಿ ಏಳಕ್ಕೆ ಅಡ್ಡಗೆರೆ.