ಗೆದ್ದವರಿಗೂ ಗೇಟ್‌ಪಾಸ್

ವಿಡಿಯೊ ಗೇಮ್ ತಯಾರಿಕೆಯನ್ನೇ ವೃತ್ತಿಯಾಗಿಸಿಕೊಳ್ಳಲು ಹೊರಟ ಯುವಜನರಿಗೆ ಹಿರಿಯರು ತಪ್ಪದೆ ಹೇಳುವ ಮಾತೊಂದಿದೆ: ಒಳ್ಳೆಯ ಆಟ ಮಾಡಿ, ಕೆಲಸ ತಾನಾಗಿ ಉಳಿಯುತ್ತದೆ. ಈ ಮಾತನ್ನು ಚಾಚೂ ತಪ್ಪದೆ ಪಾಲಿಸಿದವರು ಜಪಾನಿನ ಟ್ಯಾಂಗೋ ಗೇಮ್‌ವರ್ಕ್ಸ್ ತಂಡದವರು. 2023ರ ಜನವರಿಯಲ್ಲಿ ಅವರು ಹೊರತಂದ ‘ಹೈ-ಫೈ ರಶ್’ ಆಟವನ್ನು ವಿಮರ್ಶಕರು ಕೊಂಡಾಡಿದರು; ಮಾಲೀಕ ಸಂಸ್ಥೆ ಮೈಕ್ರೋಸಾಫ್ಟ್‌ನ ಅಧಿಕಾರಿಗಳೇ ಅದನ್ನು ಎಲ್ಲ ಅಳತೆಗೋಲಿನಲ್ಲೂ ಯಶಸ್ವಿ ಎಂದು ಸಾರಿದರು; 2024ರ ಏಪ್ರಿಲ್‌ನಲ್ಲಿ ಬ್ರಿಟನ್ನಿನ ಪ್ರತಿಷ್ಠಿತ ಬಾಫ್ಟಾ ಪ್ರಶಸ್ತಿಯೂ ಬಂತು. ಅದಾದ ಮರು ತಿಂಗಳೇ ಸ್ಟುಡಿಯೊಗೆ ಬೀಗ ಬಿತ್ತು. ಪ್ರಶಸ್ತಿಫಲಕವನ್ನು ಇಡಲು ಕಪಾಟು ಹುಡುಕುವ ತೊಂದರೆಯನ್ನಾದರೂ ಸಂಸ್ಥೆ ತಪ್ಪಿಸಿತಲ್ಲ ಎಂದು ಸಮಾಧಾನಪಟ್ಟುಕೊಳ್ಳಬಹುದಿತ್ತು. ಆದರೆ ಮುಚ್ಚುವ ಸುದ್ದಿ ಹೊರಬಿದ್ದ ಮರುದಿನವೇ, ನಮಗೆ ಪ್ರತಿಷ್ಠೆಯನ್ನೂ ಪ್ರಶಸ್ತಿಗಳನ್ನೂ ತಂದುಕೊಡುವ ಸಣ್ಣ ಆಟಗಳು ಬೇಕಾಗಿವೆ ಎಂದು ಅದೇ ಸಂಸ್ಥೆಯ ಮೇಲಧಿಕಾರಿಯೊಬ್ಬರು ಸಿಬ್ಬಂದಿ ಸಭೆಯಲ್ಲಿ ಹೇಳಿದರೆಂದು ವರದಿಯಾಯಿತು. ಅಂಥದ್ದನ್ನು ಮಾಡಬಲ್ಲವರ ವಿಳಾಸ ಅವರ ಬಳಿ ಹಿಂದಿನ ದಿನದವರೆಗೂ ಇತ್ತೆಂಬುದನ್ನು ಸಭೆಯಲ್ಲಿ ಯಾರಾದರೂ ನೆನಪಿಸಿದರೋ ಇಲ್ಲವೋ ತಿಳಿಯದು. ಕೆಲವು ತಿಂಗಳ ನಂತರ ಕ್ರಾಫ್ಟನ್ ಎಂಬ ಕೊರಿಯಾದ ಕಂಪನಿ ಟ್ಯಾಂಗೋವನ್ನು ಕೈಹಿಡಿಯಿತು. ಅಂಥ ಭಾಗ್ಯ ಎಲ್ಲರಿಗೂ ಇರುವುದಿಲ್ಲ.

ಸೋತವರ ವಿಷಯದಲ್ಲಿ ಇಷ್ಟು ಗೊಂದಲವಿಲ್ಲ. ಸೋನಿಯ ‘ಕಾನ್‌ಕಾರ್ಡ್’ ಆಟ 2024ರ ಆಗಸ್ಟ್ 23ರಂದು ಬಿಡುಗಡೆಯಾಗಿ ಸೆಪ್ಟೆಂಬರ್ 6ರಂದು ಸ್ಥಗಿತಗೊಂಡಿತು. ಅಕ್ಟೋಬರ್‌ನಲ್ಲಿ ಅದನ್ನು ತಯಾರಿಸಿದ ಸ್ಟುಡಿಯೊವನ್ನೂ ಮುಚ್ಚಲಾಯಿತು. ಸೋಲಿಗೂ ಗೆಲುವಿಗೂ ಒಂದೇ ಬಹುಮಾನ ಕೊಡುವ ಈ ಸಮದರ್ಶಿತ್ವವನ್ನು ಸ್ಥಿತಪ್ರಜ್ಞರಲ್ಲಿ ಮಾತ್ರ ಕಾಣಲು ಸಾಧ್ಯವೆಂದು ಇದುವರೆಗೆ ನಂಬಲಾಗಿತ್ತು.

ಸಣ್ಣ ಸ್ಟುಡಿಯೊಗಳ ಸಹವಾಸವೇ ಬೇಡ, ದೊಡ್ಡ ಕಂಪನಿ ಸೇರಿ ನೆಮ್ಮದಿಯಾಗಿರುತ್ತೇನೆ ಎನ್ನುವ ಜಾಣರೂ ಇದ್ದಾರೆ. ಅವರು 2023ರ ಅಕ್ಟೋಬರ್ ತಿಂಗಳನ್ನು ನೆನಪಿಟ್ಟುಕೊಳ್ಳಬೇಕು. ಸುಮಾರು 69 ಬಿಲಿಯನ್ ಡಾಲರ್ ತೆತ್ತು ಆ್ಯಕ್ಟಿವಿಷನ್ ಬ್ಲಿಜಾರ್ಡ್ ಎಂಬ ಗೇಮ್ ಕಂಪನಿಯನ್ನು ಕೊಳ್ಳುವ ವ್ಯವಹಾರವನ್ನು ಮೈಕ್ರೋಸಾಫ್ಟ್ ಪೂರ್ಣಗೊಳಿಸಿದ್ದು ಆಗ. ತನ್ನ ಗೇಮಿಂಗ್ ವಿಭಾಗದ 1,900 ಮಂದಿಯನ್ನು ಮನೆಗೆ ಕಳುಹಿಸಿದ್ದು ಮರು ಜನವರಿಯಲ್ಲಿ. ಕೊಳ್ಳಲು ದುಡ್ಡಿದ್ದವರಿಗೆ ಸಂಬಳಕ್ಕೆ ದುಡ್ಡಿಲ್ಲದಿರುವುದು ಹೇಗೆ ಎಂದು ಕೇಳುವವರಿಗೆ ಲೆಕ್ಕಶಾಸ್ತ್ರ ತಿಳಿದಿಲ್ಲ ಎಂದಷ್ಟೇ ಹೇಳಬಹುದು. ಇನ್ನು ಕೆಲವರು, ಆಟಗಳು ಬರಲಿ ಹೋಗಲಿ, ಆಟ ಕಟ್ಟುವ ಉಪಕರಣಗಳನ್ನು ಮಾರುವವರ ಬಳಿ ಸೇರಿಕೊಳ್ಳುವುದೇ ಕ್ಷೇಮ ಎಂದು ಲೆಕ್ಕ ಹಾಕುತ್ತಾರೆ. ಅಂಥ ಉಪಕರಣಗಳಿಗೆ ಹೆಸರಾದ ಯೂನಿಟಿ 2024ರ ಜನವರಿಯಲ್ಲಿ ತನ್ನ ಸಿಬ್ಬಂದಿಯ ಕಾಲು ಭಾಗವನ್ನು, ಅಂದರೆ ಸುಮಾರು 1,800 ಜನರನ್ನು, ತೆಗೆಯುವುದಾಗಿ ಪ್ರಕಟಿಸಿತು.

ಕೆಲಸ ಕಳೆದುಕೊಂಡವರ ಮನಸ್ಸಿನ ಬಗ್ಗೆ ಉದ್ಯಮಕ್ಕೆ ಕಾಳಜಿಯಿಲ್ಲ ಎಂದರೆ ತಪ್ಪಾದೀತು. 2025ರ ಜುಲೈನಲ್ಲಿ ಮೈಕ್ರೋಸಾಫ್ಟ್ ತನ್ನ ಎಲ್ಲ ವಿಭಾಗಗಳಿಂದ ಸುಮಾರು 9,000 ಉದ್ಯೋಗಗಳನ್ನು ಕಡಿತ ಮಾಡಿದಾಗ, ಅದರ ಗೇಮಿಂಗ್ ವಿಭಾಗವಾದ ಎಕ್ಸ್‌ಬಾಕ್ಸ್‌ನ ಹಿರಿಯ ನಿರ್ಮಾಪಕರೊಬ್ಬರು ದುಃಖದ ಭಾರ ಇಳಿಸಿಕೊಳ್ಳಲು ಅದೇ ಕಂಪನಿಯ ಕೋಪೈಲಟ್‌ನಂಥ ಕೃತಕ ಬುದ್ಧಿಮತ್ತೆಯ ನೆರವು ಪಡೆಯಿರಿ ಎಂದು ಲಿಂಕ್ಡ್‌ಇನ್‌ನಲ್ಲಿ ಸಲಹೆ ನೀಡಿ, ಟೀಕೆಗಳ ಸುರಿಮಳೆಯಾದ ಮೇಲೆ ಅದನ್ನು ಅಳಿಸಿಹಾಕಿದರು. ಅವರ ಉದ್ದೇಶ ಒಳ್ಳೆಯದೇ ಇದ್ದಿರಬಹುದು. ಆದರೂ ಕೃತಕ ಬುದ್ಧಿಮತ್ತೆಗಾಗಿ ಹಣವನ್ನು ನೀರಿನಂತೆ ಸುರಿಯುತ್ತಿರುವ ಕಂಪನಿಯು ಕೈಬಿಟ್ಟ ನೌಕರನು, ಅದೇ ಕಂಪನಿಯ ಕೃತಕ ಬುದ್ಧಿಮತ್ತೆಯ ಎದುರು ಕುಳಿತು ಕಣ್ಣೀರು ಹಾಕುವುದೆಂದರೆ, ಗ್ರಾಹಕರನ್ನು ಉಳಿಸಿಕೊಳ್ಳುವ ಇಂಥ ಉಪಾಯ ಬೇರೆ ಯಾವ ಉದ್ಯಮಕ್ಕೂ ಹೊಳೆದಿರಲಿಕ್ಕಿಲ್ಲ.

ಇದಕ್ಕೆ ವ್ಯತಿರಿಕ್ತವಾದ ಒಂದು ಕೆಟ್ಟ ಉದಾಹರಣೆಯನ್ನೂ ಇಲ್ಲಿ ದಾಖಲಿಸಬೇಕು. ಜಪಾನಿನ ಗೇಮ್ ಕಂಪನಿ ನಿಂಟೆಂಡೊದ ಅಧ್ಯಕ್ಷರಾಗಿದ್ದ ಸತೋರು ಇವಾಟಾ ಅವರು 2011ರಲ್ಲಿ ಒಮ್ಮೆ, 2014ರಲ್ಲಿ ಮತ್ತೊಮ್ಮೆ, ವ್ಯಾಪಾರ ಕುಸಿದಾಗ ತಮ್ಮದೇ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಕೆಲಸ ಹೋದೀತೆಂದು ಹೆದರಿದವರು ಜನರ ಮನಸ್ಸು ಗೆಲ್ಲುವ ಆಟ ಮಾಡಲಾರರು ಎಂಬ ವಿಚಿತ್ರ ನಂಬಿಕೆ ಅವರಿಗಿತ್ತು. ಮುಂದೆ ಆ ಕಂಪನಿಯ ಸ್ವಿಚ್ ಎಂಬ ಆಟದ ಯಂತ್ರ ಹದಿನೈದು ಕೋಟಿಗೂ ಹೆಚ್ಚು ಮಾರಾಟವಾಗಿದ್ದು ಕೇವಲ ಕಾಕತಾಳೀಯವೆಂದು ಭಾವಿಸಿರುವುದರಿಂದಲೋ ಏನೋ, ಉದ್ಯಮದ ಇತರ ದೊರೆಗಳು ಆ ದಾರಿ ತುಳಿಯಲು ಆತುರ ತೋರಿಲ್ಲ.

ಹಾಗಿದ್ದರೆ ಈ ಕ್ಷೇತ್ರದಲ್ಲಿ ಭದ್ರವಾದ ಹುದ್ದೆ ಯಾವುದೂ ಇಲ್ಲವೇ ಎಂದು ಪೋಷಕರು ಕೇಳಬಹುದು. ಇದೆ. ಸ್ವೀಡನ್ನಿನ ಎಂಬ್ರೇಸರ್ ಸಮೂಹವು ಸಿಕ್ಕಸಿಕ್ಕ ಸ್ಟುಡಿಯೊಗಳನ್ನೆಲ್ಲ ಕೊಂಡು ಗುಡ್ಡೆ ಹಾಕಿತ್ತು. ಅದು ನೆಚ್ಚಿಕೊಂಡಿದ್ದ 2 ಬಿಲಿಯನ್ ಡಾಲರ್‌ಗೂ ಮಿಕ್ಕಿದ ಒಪ್ಪಂದವೊಂದು ಬಾಯಿಮಾತಿನ ಹಂತದಲ್ಲಿದ್ದಾಗಲೇ 2023ರ ಮೇ ತಿಂಗಳಲ್ಲಿ ಮುರಿದುಬಿತ್ತು. ಆ ವರ್ಷದ ಆಗಸ್ಟ್‌ನಲ್ಲಿ, ಮೂರು ದಶಕಗಳಿಂದ ಆಟ ಮಾಡಿಕೊಂಡು ಬಂದಿದ್ದ ಸಮೂಹದ ವೊಲಿಷನ್ ಸ್ಟುಡಿಯೊ ಮುಚ್ಚಿತು. ಡಿಸೆಂಬರ್‌ನಲ್ಲಿ ಫ್ರೀ ರ‍್ಯಾಡಿಕಲ್ ಡಿಸೈನ್ ಕೂಡ ಅದೇ ದಾರಿ ಹಿಡಿಯಿತು. ಈ ಖರೀದಿಗಳ ರೂವಾರಿಯಾಗಿದ್ದ ಮುಖ್ಯ ಕಾರ್ಯನಿರ್ವಾಹಕರು ಮಾತ್ರ 2025ರವರೆಗೆ ಅದೇ ಕುರ್ಚಿಯಲ್ಲಿದ್ದು, ಅಲ್ಲಿಂದ ಎದ್ದು ಕಾರ್ಯನಿರ್ವಾಹಕ ಅಧ್ಯಕ್ಷರ ಕುರ್ಚಿಯಲ್ಲಿ ಕುಳಿತರು. ಆ ಹುದ್ದೆಗೆ ಪ್ರೋಗ್ರಾಮಿಂಗ್ ಕಲಿಯುವ ಅಗತ್ಯವೂ ಇಲ್ಲ.