ಇಡೀ ಅಸೆಂಬ್ಲಿಯೇ ವಿಸರ್ಜನೆ

ಸದನದಲ್ಲಿ ಒಬ್ಬ ಸದಸ್ಯರು ತೂಕಡಿಸಿದರೆಂದು ಯಾರೂ ವಿಧಾನಸಭೆಯನ್ನೇ ವಿಸರ್ಜಿಸುವುದಿಲ್ಲ. ತೀರಾ ಆಯಿತು ಅಂದರೆ ಒಂದು ಉಪಚುನಾವಣೆ ಮಾಡಿ ಕೈತೊಳೆದುಕೊಳ್ಳುತ್ತಾರೆ. ಕಾರಿನ ಸರ್ವೀಸ್ ಕೌಂಟರಿನಲ್ಲಿ ಮಾತ್ರ ದಿನಾ ಬೆಳಗಾದರೆ ಅಸೆಂಬ್ಲಿಗಳು ಉರುಳುತ್ತಿರುತ್ತವೆ. “ಬ್ರಷ್ ಬಿಡಿಯಾಗಿ ಬರಲ್ಲ ಸಾರ್, ಅಸೆಂಬ್ಲಿನೇ ಹಾಕ್ಬೇಕು.” ಅಂದರೆ ಸವೆದ ತುಂಡಿನ ಬದಲು ಇಡೀ ಸೆಟ್ಟೇ ಹೊಸದು. ಈ ಮಾತನ್ನು ಇನ್ನೂ ಕೇಳದ ಮಾಲೀಕರಿದ್ದರೆ ಅವರ ಕಾರು ವಾರಂಟಿಯಲ್ಲಿದೆ ಅಂತ ಲೆಕ್ಕ.

ಆ ಬ್ರಷ್ ಎಂಬ ಮಹಾಪರಾಧಿಯನ್ನು ಒಮ್ಮೆ ಹತ್ತಿರದಿಂದ ನೋಡೋಣ. ಅದರ ವಾಸ ಆಲ್ಟರ್ನೇಟರಿನಲ್ಲಿ, ಅಂದರೆ ಎಂಜಿನ್ ತಿರುಗುವಾಗ ಕರೆಂಟು ಹುಟ್ಟಿಸಿ ಬ್ಯಾಟರಿ ತುಂಬುವ ಯಂತ್ರದಲ್ಲಿ: ಐದಾರು ಕಿಲೋ ತಾಮ್ರ, ಕಬ್ಬಿಣ, ಅಲ್ಯೂಮಿನಿಯಂ. ಅದರ ಬೆನ್ನಿನಲ್ಲಿ, ಸವೆಯುವುದಕ್ಕೆಂದೇ ಹುಟ್ಟಿದ ಎರಡು ಕಾರ್ಬನ್ ತುಂಡುಗಳು. ಸ್ಲಿಪ್ ರಿಂಗ್ ಎಂಬ ತಿರುಗುವ ಲೋಹದ ಬಳೆಗೆ ಮೈ ಉಜ್ಜಿಕೊಂಡು, ಒಳಗೆ ತಿರುಗುವ ಭಾಗವಾದ ರೋಟರಿಗೆ ಕರೆಂಟು ದಾಟಿಸುವುದಷ್ಟೇ ಅವುಗಳ ಕೆಲಸ. ಹೊಸದರಲ್ಲಿ ಹೋಲ್ಡರಿನಿಂದ ಸುಮಾರು 10–12 ಮಿ.ಮೀ. ಹೊರಗೆ ಚಾಚಿಕೊಂಡಿರುತ್ತವೆ. ತೀರಾ ಸವೆದು ಗಿಡ್ಡವಾದಾಗ ಹಿಂದಿನ ಸ್ಪ್ರಿಂಗಿಗೆ ಒತ್ತುವ ತ್ರಾಣ ಉಳಿಯುವುದಿಲ್ಲ. ಬ್ರಷ್ ರಿಂಗಿನ ಮೇಲೆ ಕುಣಿಯುತ್ತದೆ, ಡ್ಯಾಶ್‌ಬೋರ್ಡಿನ ಬ್ಯಾಟರಿ ದೀಪ ಮಿಣಮಿಣ ಅನ್ನುತ್ತದೆ. ಎಂಜಿನ್ ಓಡುವಾಗ ಬ್ಯಾಟರಿಗೆ ಮಲ್ಟಿಮೀಟರ್ ಹಿಡಿದರೆ 13.8ರಿಂದ 14.5 ವೋಲ್ಟ್ ಇರಬೇಕಾದಲ್ಲಿ 12.2 ತೋರಿಸಿ ಇನ್ನೂ ಇಳಿಯುತ್ತಿರುತ್ತದೆ. (ಕಂಪ್ಯೂಟರೇ ಚಾರ್ಜಿಂಗ್ ನೋಡಿಕೊಳ್ಳುವ ಹೊಸ ಕಾರುಗಳಲ್ಲಿ ಈ ಅಂಕಿ ಮೇಲೆ ಕೆಳಗೆ ಆಡುವುದುಂಟು, ಅಲ್ಲಿ ಒಂದೇ ಸಲ ನೋಡಿ ತೀರ್ಪು ಕೊಡಬಾರದು.)

ಚಿಕಿತ್ಸೆ ಏನು? ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚುವುದು. ಹಿಂದಿನ ಮುಚ್ಚಳ ತೆಗೆದರೆ ಎಷ್ಟೋ ಆಲ್ಟರ್ನೇಟರ್‌ಗಳಲ್ಲಿ ಎರಡು ಮೂರು ಸ್ಕ್ರೂಗಳಿಗೇ ಬ್ರಷ್ ಹೋಲ್ಡರ್ ಕೈಗೆ ಬರುತ್ತದೆ, ಹಲವು ಸಲ ವೋಲ್ಟೇಜನ್ನು ಹದದಲ್ಲಿಡುವ ರೆಗ್ಯುಲೇಟರ್ ಸಮೇತ. ಸ್ಲಿಪ್ ರಿಂಗ್ ಬರೀ ಕಪ್ಪಾಗಿದ್ದರೆ ನುಣ್ಣನೆಯ ಎಮರಿ ಕಾಗದ ಸಾಕು, ಗುಂಡಿ ಬಿದ್ದಿದ್ದರೆ ರಿಂಗನ್ನೂ ಬದಲಿಸಬೇಕು. ಕೈಕೊಡುವುದು ಬೆಸುಗೆಯಲ್ಲಿ. ಹೊಸ ಬ್ರಷ್‌ನ ಬಾಲ ಕೂದಲೆಳೆಯಂಥ ತಾಮ್ರದ ಜಡೆ. ಕಾವು ಹೆಚ್ಚಾದರೆ ಬೆಸುಗೆಯ ಸೀಸ ಬತ್ತಿಗೆ ಎಣ್ಣೆ ಏರಿದ ಹಾಗೆ ಆ ಜಡೆಯೊಳಗೆ ಏರಿ ಕಡ್ಡಿಯಂತೆ ಸೆಟೆಸಿಬಿಡುತ್ತದೆ. ಆಮೇಲೆ ಸ್ಪ್ರಿಂಗ್ ಎಷ್ಟು ತಳ್ಳಿದರೂ ಬ್ರಷ್ ಮುಂದೆ ಬರುವುದಿಲ್ಲ, ‘ರಿಪೇರಿ ನಿಲ್ಲಲ್ಲ ಸಾರ್’ ಎಂಬ ಭವಿಷ್ಯವಾಣಿ ನಿಜವಾಗುತ್ತದೆ. ಬೆಸುಗೆಯ ಪಕ್ಕದಲ್ಲೇ ಜಡೆಯನ್ನು ಇಕ್ಕಳದಲ್ಲಿ ಹಿಡಿದುಕೊಂಡರೆ ಕಾವು ಇಕ್ಕಳಕ್ಕೆ ಹೋಗುತ್ತದೆ, ಸೀಸ ಅಲ್ಲೇ ನಿಲ್ಲುತ್ತದೆ. ಮುಗಿದ ಮೇಲೆ ಬೆರಳಲ್ಲಿ ಬ್ರಷ್ ಒತ್ತಿ ಬಿಟ್ಟು ನೋಡಿ, ತಡೆಯಿಲ್ಲದೆ ಚಿಮ್ಮಬೇಕು.

ಅದೇ ಆಲ್ಟರ್ನೇಟರಿನ ಬೇರಿಂಗ್ ಕೂಗುತ್ತಿದ್ದರೂ ಅಸೆಂಬ್ಲಿಯೇ ಅಂತೆ. ಆ ಬೇರಿಂಗಿನ ಅಂಚಿನಲ್ಲಿ 6303 ಎಂದೋ 6203 ಎಂದೋ ಕೊರೆದಿರುತ್ತದೆ. ಕೊನೆಯ 03 ಅಂದರೆ ಒಳಗಿನ ತೂತು 17 ಮಿ.ಮೀ., ಜಗತ್ತಿನ ಯಾವ ಬೇರಿಂಗ್ ಅಂಗಡಿಯವನಿಗೂ ಅರ್ಥವಾಗುವ ಲಿಪಿ. ಕಾರಿನ ಬಿಡಿಭಾಗಗಳ ಕ್ಯಾಟಲಾಗಿಗೆ ಮಾತ್ರ ಈ ಲಿಪಿ ಓದಲು ಬರುವುದಿಲ್ಲ.

ಹೆಡ್‌ಲೈಟಿನ ಪುರಾಣ ಬೇರೆಯೇ ಇದೆ. ಹಳೆಯ ಕಾರಿಗೆ ಕಾಮಾಲೆ ಬಂದಂತೆ ಅದರ ‘ಗಾಜು’, ಅಂದರೆ ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್, ಹಳದಿಯಾಗುತ್ತದೆ. ಬಿಸಿಲಿಗೆ ಸತ್ತಿರುವುದು ಮೇಲಿನ ರಕ್ಷಣಾ ಲೇಪ. ಕೌಂಟರ್ ‘ಲ್ಯಾಂಪ್ ಅಸೆಂಬ್ಲಿ’ ಅನ್ನುತ್ತದೆ, ಮೊಬೈಲಿನ ವಿಡಿಯೊ ಟೂತ್‌ಪೇಸ್ಟ್ ಅನ್ನುತ್ತದೆ. ಪೇಸ್ಟ್ ಹಚ್ಚಿದ ದಿನ ಫಳಫಳ, ಕೆಲವು ತಿಂಗಳಲ್ಲಿ ಮತ್ತೆ ಕಾಮಾಲೆ, ಏಕೆಂದರೆ ಲೇಪ ವಾಪಸು ಬಂದಿರುವುದಿಲ್ಲ. ಮಾಡಬೇಕಾದದ್ದು ಇಷ್ಟು: ಸುತ್ತ ಟೇಪ್ ಅಂಟಿಸಿ, ನೀರು ಹಾಕುತ್ತಾ 800, 1500, 2000, 3000 ನಂಬರಿನ ಎಮರಿ ಕಾಗದದಲ್ಲಿ ಸಾಲಾಗಿ ಉಜ್ಜಿ, ಒಣಗಿಸಿ, ಅತಿನೇರಳೆ ಕಿರಣ ತಡೆಯುವ ಕ್ಲಿಯರ್ ಕೋಟ್ ಹೊಡೆಯುವುದು. 800ರ ಗೀರು ಪೂರ್ತಿ ಮಾಯುವ ಮೊದಲೇ 2000ಕ್ಕೆ ಹಾರಿದರೆ ರಾತ್ರಿ ದೀಪ ಹಾಕಿದಾಗ ಜೇಡರ ಬಲೆ ಕಾಣುತ್ತದೆ. ಹಳದಿ ಒಳಮೈಯಲ್ಲಿದ್ದರೆ ಹೊರಗಿನಿಂದ ಉಜ್ಜಿ ತೋಳು ನೋಯಿಸಿಕೊಳ್ಳಬೇಡಿ.

ಇನ್ನು ಬಲ್ಬು. ಎಚ್4 ಬಲ್ಬ್, 60/55 ವ್ಯಾಟ್, ತಂತಿಯ ಕ್ಲಿಪ್ ತೆಗೆದು ಎರಡೇ ನಿಮಿಷದಲ್ಲಿ ಬದಲಿಸುತ್ತಿದ್ದೆವು. ಈಗ ಎಲ್‌ಇಡಿ, ಬಾಳಿಕೆಯಲ್ಲಿ ಚಿರಂಜೀವಿಯಂತೆ. ಒಂದೇ ಒಂದು ಚುಕ್ಕೆ ಆರಿದರೆ ಮಾತ್ರ, ಗೋಂದು ಹಾಕಿ ಮುಚ್ಚಿದ ಇಡೀ ದೀಪಕ್ಕೆ ಸಹಗಮನ.

ಚಿರಂಜೀವಿ ಅಂದಕೂಡಲೇ ನೆನಪಾಗುವುದು ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ‘ಜೀವಮಾನಪೂರ್ತಿ’ ಎಣ್ಣೆ. ಯಾರ ಜೀವಮಾನ ಅಂತ ಕೇಳಬಾರದು. ಗೇರ್‌ಬಾಕ್ಸ್ ತಯಾರಿಸುವ ಝಡ್‌ಎಫ್ ಕಂಪನಿ 80,000ದಿಂದ 1,20,000 ಕಿ.ಮೀ. ನಡುವೆ, ಇಲ್ಲವೇ 8 ವರ್ಷದೊಳಗೆ ಎಣ್ಣೆ ಬದಲಿಸಿ ಅನ್ನುತ್ತದೆ. ಅದೇ ಗೇರ್‌ಬಾಕ್ಸ್ ಕೂರಿಸಿಕೊಂಡ ಕೆಲವು ಕಾರುಗಳ ಪುಸ್ತಕ, ಏನೂ ಬೇಡ ಅನ್ನುತ್ತದೆ. ಹೆತ್ತವಳು ಮಗುವಿಗೆ ಹಸಿವು ಅಂತಾಳೆ, ಸಾಕಿಕೊಂಡವರು ಇದು ಹುಟ್ಟುವಾಗಲೇ ಆಯುಷ್ಯದ ಊಟ ಮುಗಿಸಿ ಬಂದಿದೆ ಅಂತಾರೆ.

ಸರಿ, ಗುಜರಿಯಲ್ಲಿ ಬಿದ್ದ ಅದೇ ಮಾಡೆಲ್ ಕಾರಿನಿಂದ ಚೆನ್ನಾಗಿರುವ ಮೀಟರ್ ಕ್ಲಸ್ಟರ್ (ಸ್ಪೀಡು, ಪೆಟ್ರೋಲು ತೋರಿಸುವ ಫಲಕ) ಬಿಚ್ಚಿ ತಂದಿರಿ ಅನ್ನಿ. ಕೂರಿಸಿದ ಕೂಡಲೇ ಕಾರು ಗೋತ್ರ ವಿಚಾರಿಸುತ್ತದೆ. ಒಳಗೆ ಬರೆದ ಚಾಸಿಸ್ ನಂಬರ್ ತಾಳೆಯಾಗದಿದ್ದರೆ ಎಷ್ಟೋ ಕಾರುಗಳು ಸ್ಟಾರ್ಟೂ ಆಗುವುದಿಲ್ಲ. ಹೊಂದಿಸುವ ಸಾಫ್ಟ್‌ವೇರ್ ಇರುವುದು ಕಂಪನಿಯ ಹತ್ತಿರ. ರಿಪೇರಿಯ ಮಾಹಿತಿ ಹೊರಗಿನ ಗ್ಯಾರೇಜಿಗೂ ಸಿಗಬೇಕೆಂದು ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಜನ 2012ರಲ್ಲಿ ಮತ ಹಾಕಿದರು, ಗೆದ್ದರು. ಆಮೇಲೆ ಕಾರುಗಳು ಮಾಹಿತಿಯನ್ನು ತಂತಿಯಿಲ್ಲದೆ ಗಾಳಿಯಲ್ಲೇ ಕಂಪನಿಗೆ ಕಳಿಸತೊಡಗಿದವು, ಆ ಕಾನೂನಿನ ಕೈಗೆ ಅದು ಸಿಗಲಿಲ್ಲ. 2020ರಲ್ಲಿ ಇನ್ನೊಮ್ಮೆ ಮತ ಹಾಕಿದರು, ಇನ್ನೊಮ್ಮೆ ಗೆದ್ದರು. ಅದೇ ತಿಂಗಳು ಕಾರು ತಯಾರಕರ ಒಕ್ಕೂಟ ಕೋರ್ಟಿಗೆ ಹೋಯಿತು. ದುಡ್ಡು ಕೊಟ್ಟು ಕೊಂಡ ವಸ್ತುವನ್ನು ಬಿಚ್ಚಲು ಎರಡು ಸಲ ಮತದಾನ! ನಗು ಬರುತ್ತಿತ್ತು, ಈಗ ಬರುತ್ತಿಲ್ಲ.

ಹಾಗಂತ ಎದುರು ಪಂಗಡದ, ಏನನ್ನಾದರೂ ನಾವೇ ರಿಪೇರಿ ಮಾಡ್ತೀವಿ ಅನ್ನುವ ಶೂರರಿಗೂ ಸನ್ಮಾನ ಬಾಕಿ ಇದೆ. ಚಕ್ರದ ಡಿಸ್ಕನ್ನು ಹಿಡಿಯುವ ಬ್ರೇಕ್ ಕ್ಯಾಲಿಪರ್ ಬಿಗಿಯಾಗಿ ಒಂದೇ ಚಕ್ರ ಕಾಯುತ್ತಿದ್ದರೆ, ಒಳಗಿನ ಪಿಸ್ಟನ್ ಸುತ್ತ ಇರುವ, ಕತ್ತರಿಸಿ ನೋಡಿದರೆ ಚೌಕವಾಗಿ ಕಾಣುವ ರಬ್ಬರ್ ಉಂಗುರ, ಅಂದರೆ ಸೀಲ್, ಮುದಿಯಾಗಿರಬಹುದು. ಪೆಡಲ್ ಒತ್ತಿದಾಗ ಆ ಸೀಲ್ ಪಿಸ್ಟನ್ ಜೊತೆ ಸ್ವಲ್ಪ ತಿರುಚಿಕೊಳ್ಳುತ್ತದೆ, ಬಿಟ್ಟಾಗ ಹಳೆಯ ಆಕಾರಕ್ಕೆ ಮರಳಿ ಪಿಸ್ಟನನ್ನು ಕೂದಲೆಳೆಯಷ್ಟು ಹಿಂದೆ ಎಳೆಯುತ್ತದೆ. ಸೀಲ್ ಮತ್ತು ಧೂಳಿನ ಬೂಟ್ ಇರುವ ಕಿಟ್ ಹಾಕಿದರೆ ಮುಗಿಯಿತು, ಸ್ಲೈಡ್ ಪಿನ್ನುಗಳು ತುಕ್ಕು ಹಿಡಿದಿಲ್ಲದಿದ್ದರೆ. ನಮ್ಮ ಶೂರರು ಸೀಲಿಗೆ ಎಂಜಿನ್ ಆಯಿಲ್ ಸವರುತ್ತಾರೆ. ಬ್ರೇಕಿನ ರಬ್ಬರ್ ಪೆಟ್ರೋಲಿಯಂ ಎಣ್ಣೆ ಕುಡಿದರೆ ಊದಿಕೊಳ್ಳುತ್ತದೆ. ಅಲ್ಲಿ ಸವರಬೇಕಾದದ್ದು ಹೊಸ ಬ್ರೇಕ್ ಫ್ಲೂಯಿಡ್. ಗಾಳಿ ಹೊಡೆದು ಪಿಸ್ಟನ್ ಹೊರತೆಗೆಯುವಾಗ ಎದುರಿಗೆ ಮರದ ತುಂಡು ಇಡುವ ಬದಲು ಬೆರಳು ಇಡುವವರೂ ಇದ್ದಾರೆ. ಪಿಸ್ಟನಿನ ಕ್ರೋಮ್‌ನಲ್ಲಿ ಗುಳಿ ಬಿದ್ದಿದ್ದರೆ ಉಜ್ಜಿ ನುಣ್ಣಗೆ ಮಾಡಿ ಹಾಕುವುದಲ್ಲ, ಬಿಸಾಡುವುದು. ಸೀಳಿದ ಬ್ರೇಕ್ ಹೋಸ್, ಬಾಗಿದ ಸ್ಟಿಯರಿಂಗ್ ಆರ್ಮ್, ಒಮ್ಮೆ ಸಿಡಿದ ಏರ್‌ಬ್ಯಾಗ್ ಇವಕ್ಕೆ ವೆಲ್ಡಿಂಗ್, ಹೊಲಿಗೆ, ಅಂಟು ಯಾವುದೂ ಬೇಡ. ಇಲ್ಲಿ ಅಸೆಂಬ್ಲಿ ಅಂದವನೇ ಸರಿ.

ಸಿಟ್ಟು ಬರುವುದು ಬೇರೆ ಕಡೆ. ಎರಡು ಕಾರ್ಬನ್ ತುಂಡಿಗೋಸ್ಕರ ಆರು ಕಿಲೋ ಲೋಹ ಹೊರಗೆ ಹಾಕಿ, ಬಿಲ್ಲಿನ ಮೂಲೆಯಲ್ಲಿ ಹಸಿರು ಎಲೆಯ ಚಿತ್ರ ಹಾಕಿ ‘ಕಾಗದ ಉಳಿಸಿ’ ಅಂತ ಬರೆಯುತ್ತಾರೆ. ಬಿಚ್ಚಿದರೆ ಒಡೆಯುವ ಪ್ಲಾಸ್ಟಿಕ್ ಕ್ಲಿಪ್, ಸ್ಕ್ರೂ ಇದ್ದ ಜಾಗದಲ್ಲಿ ರಿವೆಟ್, ರಿವೆಟ್ ಇದ್ದ ಜಾಗದಲ್ಲಿ ಅಂಟು. ಇದೆಲ್ಲ ತಾನಾಗಿ ಆದದ್ದಲ್ಲ. ಯಾರೋ ಕೂತು, ಯೋಚಿಸಿ, ಹೀಗೆ ಮಾಡಿದ್ದಾರೆ. ಕೌಂಟರಿನ ಹುಡುಗನನ್ನು ಬೈದು ಏನು ಪ್ರಯೋಜನ? ಅವನ ಕಂಪ್ಯೂಟರಿನಲ್ಲಿ ಬ್ರಷ್‌ಗೆ ನಂಬರೇ ಇಲ್ಲ.

ಹಣ ಕಟ್ಟಿ ಹೊರಡುವಾಗ ಅವನೇ ಮೆತ್ತಗೆ ಹೇಳುತ್ತಾನೆ, “ಹಳೇದು ಇಲ್ಲೇ ಬಿಟ್ಟು ಹೋಗಿ ಸಾರ್, ಎಕ್ಸ್‌ಚೇಂಜ್ ಇದೆ.” ರಿಪೇರಿಯಾಗದ ಆ ಗುಜರಿ ಯಾರಿಗೆ ಬೇಕಪ್ಪಾ? ಅದಕ್ಕೂ ಕಾರ್ಖಾನೆಗಳಿವೆ. ರೆನೋ ಕಂಪನಿ ಪ್ಯಾರಿಸ್ ಪಕ್ಕದ ಶ್ವಾಜಿ-ಲ-ರುವಾದಲ್ಲಿ 1949ರಿಂದಲೇ ಹಳೆಯ ಭಾಗಗಳನ್ನು ಬಿಚ್ಚಿ, ತೊಳೆದು, ಸವೆದದ್ದನ್ನಷ್ಟೇ ಬದಲಿಸಿ ಮತ್ತೆ ಕಟ್ಟುತ್ತಾ ಬಂದಿತ್ತು. ಇವತ್ತು ಅದೊಂದು ದೊಡ್ಡ ಉದ್ಯಮ. ನಿಮ್ಮ ಆಲ್ಟರ್ನೇಟರೂ ಅಂಥದೇ ಒಂದು ಮೇಜಿನ ಮೇಲೆ ಮಲಗುತ್ತದೆ. ಎರಡು ಬ್ರಷ್, ಎರಡು ಬೇರಿಂಗ್, ಸ್ಲಿಪ್ ರಿಂಗಿಗೊಂದು ಉಜ್ಜು. ಹೊಸ ಡಬ್ಬ, ಹೊಸ ಪಾರ್ಟ್ ನಂಬರ್, ಮೇಲೊಂದು ‘ರೀಮ್ಯಾನುಫ್ಯಾಕ್ಚರ್ಡ್’ ಎಂಬ ಸ್ಟಿಕರ್, ಪಕ್ಕದಲ್ಲಿ ಅದೇ ಹಸಿರು ಎಲೆ.